ಕ್ಯಾಸೆಟ್ ಅಂಗಡಿಗೆ ಕೊಡಬ್ಯಾಡ್ರಿ, ಮನ್ಯಾಗ ವಾಯರ್ ಹಚ್ಚರಿ

ಅಕ್ಕಾರ, ವೈನಿಗೋಳ, ಓಣಿಯ ಗೆಳತ್ಯಾರ, ಈ ಸಲ ಅಡಗಿ ಸುದ್ದಿ ಇಲ್ಲ, ಉಪ್ಪಿನಕಾಯಿ ಸುದ್ದಿನೂ ಇಲ್ಲ. ಈ ಸಲ ಜಗಳ. ಯಾರ ಜೋಡಿ ಅಂದ್ರ, ಮೊದಲು ನಮ್ಮನಿಯವರ ಜೋಡಿ, ಆಮ್ಯಾಲೆ ಒಂದು ಸ್ಟುಡಿಯೋದವರ ಜೋಡಿ, ಕಡೀಕ ನಿಮ್ಮ ಜೋಡೀನೂ. ಯಾಕಂದ್ರ ನಿಮ್ಮ ತಿಜೂರ್ಯಾಗೂ ಆ ಸಣ್ಣ ಕ್ಯಾಸೆಟ್ ಬಿದ್ದಾವ ಅನ್ನೋದು ನನಗ ಗೊತ್ತದ.

ಯಾವ ಕ್ಯಾಸೆಟ್ ಅಂದ್ರಿ? ಮಿನಿ ಡಿವಿ ಅಂತಾರಲ್ಲ, ಕಡ್ಡಿಪೆಟ್ಟಿಗಿಗಿಂತ ಸ್ವಲ್ಪ ದೊಡ್ಡವು, ಅವು. 2000ದಿಂದ ಹಿಡದು ಮುಂದ ಒಂದು ಎಂಟ್ಹತ್ತು ವರ್ಷ, ಅಮೆರಿಕಾದಾಗ ಅಣ್ಣನೋ ಮೈದುನನೋ ಇದ್ದ ಮನಿಗೆ ಒಂದು ಕೈ ಕ್ಯಾಮೆರಾ ಬಂದಿರ್ತಿತ್ತು. ಅಂಗೈಗೆ ಪಟ್ಟಿ ಸಿಗಿಸಿಕೊಂಡು, ಬಾಜೂಕಿನ ಸಣ್ಣ ಪರದೆ ತಗದು, ಮುಂಜಿವಿ, ಕುಬಸ, ತೊಟ್ಟಲಾ, ಗೋಕಾಕ ಫಾಲ್ಸ್ ಎಲ್ಲಾ ಹಿಡದೇ ಹಿಡದ್ವಿ. ನಮ್ಮ ಮೈದುನ ನ್ಯೂಜೆರ್ಸಿಯಿಂದ 2003ರಾಗ ಬರೋ ಮುಂದ ತಂದುಕೊಟ್ಟ. ಒಟ್ಟು 14 ಕ್ಯಾಸೆಟ್ ತುಂಬಿದ್ವು. ಅವನ್ನ ನಾ ಒಂದು ಹಳೇ ಗುಳೇದಗುಡ್ಡ ಖಣದಾಗ ಸುತ್ತಿ, ಸ್ಟೀಲ್ ಡಬ್ಬ್ಯಾಗ ಹಾಕಿ, ತಿಜೂರಿ ಮ್ಯಾಲಿನ ಖಾನ್ಯಾಗ ಇಟ್ಟೆ. ಕೆಳಗಿನ ಖಾನ್ಯಾಗಿನ ಬಂಗಾರ ವರ್ಷಕ್ಕ ಎರಡು ಸಲ ತಗದು ನೋಡ್ತಿದ್ದೆ. ಮ್ಯಾಲಿನ ಡಬ್ಬಿ ಹದಿನೈದು ವರ್ಷ ಮುಟ್ಟಲಿಲ್ಲ.

ಅದರಾಗಿನ ಒಂದು ಕ್ಯಾಸೆಟ್ಟಿನ್ಯಾಗ ನಮ್ಮ ಅತ್ತಿಯವರು ಸಜ್ಜಿ ರೊಟ್ಟಿ ಬಡೀತಾರ. ಅಷ್ಟ. ಹಬ್ಬಲ್ಲ, ಹುಣ್ಣಿವಿ ಅಲ್ಲ. ಚಳಿಗಾಲದ ಒಂದು ಮುಂಜಾನೆ, ಹೊಸಾ ಕ್ಯಾಮೆರಾದ ಹುಚ್ಚಿನ್ಯಾಗ ನಾನ ಅಡಗಿಮನಿ ಬಾಗಲದಾಗ ನಿಂತು ಹಿಡದಿದ್ದು. ಎಸರು ಕಾಸಿ ಹಿಟ್ಟಿಗೆ ಹಾಕೋದು, ನಾದೋದು, ಎಳ್ಳು ಹಚ್ಚೋದು, ಕೈಲೆ ಬಡಿಯೋದು, ನಡುನಡುವ ನನಗ ಬೈಯೋದು. ಅತ್ತಿಯವರು 2009ರಾಗ ಹೋದ್ರು. ಅವರು ಮಾತಾಡೋ ಪಿಚ್ಚರ್ ನಮ್ಮ ಮನ್ಯಾಗ ಅದೊಂದ.

ಎರಡು ವರ್ಷದ ಹಿಂದ ಅವರ ಶ್ರಾದ್ಧಕ್ಕ ಎಲ್ಲಾರೂ ಕೂಡೋರಿದ್ರು. ಅವತ್ತ ತೋರಸೋಣು ಅಂತ ನಮ್ಮನಿಯವರು ನನಗ ಹೇಳದ ಆ ಕ್ಯಾಸೆಟ್ ಒಯ್ದು ಸ್ಟುಡಿಯೋಕ್ಕ ಕೊಟ್ಟು ಬಂದ್ರು. ವಾರದ ಮ್ಯಾಲೆ ಡಿವಿಡಿ ಬಂತು. ಊಟ ಆದ ಮ್ಯಾಲೆ ಟಿವಿಗೆ ಹಚ್ಚಿದ್ವಿ. ಮೊದಲು ಗುಲಾಬಿ ಹೂವು ಅರಳಿತು, ಹೂವಿನ್ಯಾಗಿಂದ ಅತ್ತಿಯವರ ಮಾರಿ ಬಂತು, ಹೃದಯದ ಆಕಾರದಾಗ. ಅದರ ಮ್ಯಾಲೆ ತಾಯಿ ಕುರಿತ ಒಂದು ಸಿನಿಮಾ ಹಾಡು. ಹಾಡು ಮುಗೀತು, ಇನ್ನೊಂದು ಹಾಡು. ರೊಟ್ಟಿ ಬಡಿಯೋದು ಕಾಣ್ತದ, ಸಪ್ಪಳ ಇಲ್ಲ. ಬಡಿಯೋ ಕೈ ಸುದ್ದಾ ಎಳದೆಳದು ಹೋಗ್ತಿತ್ತು. ನನ್ನ ನಾದಿನಿ ಬೆಳಗಾವಿಯಿಂದ ಬಂದಾಕಿ ಟಿವಿ ಮುಂದ ಕೂತಿದ್ಲು. "ಅವ್ವ ಏನು ಅನ್ನಾಕಹತ್ಯಾಳ ವೈನಿ? ಬಾಯಿ ಅಳ್ಳಾಡ್ತದ, ಕೇಳಸವಲ್ತು" ಅಂದ್ಲು.

ಮರುದಿನ ನಾನ ಸ್ಟುಡಿಯೋಕ್ಕ ಹೋದೆ. ಆ ಹುಡುಗ ಭಾಳ ಮರ್ಯಾದೀಲೆ ಹೇಳಿದ, "ಆಂಟಿ, ಹಿಂದ ಗದ್ಲ ಭಾಳ ಇತ್ರಿ, ಅದಕ್ಕ ಆಡಿಯೋ ತಗದು ಸಾಂಗ್ ಹಾಕೀವಿ, ಎಲ್ಲಾರಿಗೂ ಹಂಗ ಮಾಡಿಕೊಡ್ತೀವಿ." ಗದ್ಲ ಅಂದ್ರ ಏನದು? ರೊಟ್ಟಿ ಬಡಿಯೋ ಸಪ್ಪಳ, ಕುಕ್ಕರಿನ ಸೀಟಿ, ಹೊರಗ ಕೊತಂಬರಿ ಮಾರೋವನ ಕೂಗು, ಮತ್ತ ನಮ್ಮ ಅತ್ತಿಯವರ ದನಿ. ಅವಗ ಅದು ಗದ್ಲ.

ನೋಡ್ರಿ, ಆ ಹುಡುಗನ ಮ್ಯಾಲೆ ನನ್ನ ಸಿಟ್ಟಿಲ್ಲ. ಅವಗ ಲಗ್ನದ ಕೆಲಸ ಗೊತ್ತು. ಲಗ್ನದ ವಿಡಿಯೋದಾಗ ಹಾಡು ಬೇಕು, ಹೂವು ಅರಳಬೇಕು. ಸಿಟ್ಟು ನಮ್ಮ ಮ್ಯಾಲೆ. ನಮ್ಮ ಮನಿ ಹಿರ್ಯಾರ ದನಿ ಒಯ್ದು, ಅವರ ಹೆಸರೂ ಗೊತ್ತಿಲ್ಲದವರ ಕೈಯಾಗ ಕತ್ರಿ ಕೊಟ್ಟು, "ಚಂದ ಮಾಡಿಕೊಡ್ರಿ" ಅಂದು ಬರ್ತೀವಲ್ಲ, ಅದರ ಮ್ಯಾಲೆ. ಯಾವುದು ಇಡಬೇಕು ಯಾವುದು ತಗೀಬೇಕು ಅನ್ನೋದು ಮನಿಯವರ ಕೆಲಸ. ಲಗ್ನದ ಸೀರಿ ಇಸ್ತ್ರಿಗೆ ಕೊಡ್ತೀವಿ ಖರೆ, ಯಾವ ಸೀರಿ ಇಡ್ಲಿ ಯಾವುದು ಬೋಗಾಣಿ ಮಾರೋಕಿಗೆ ಕೊಡ್ಲಿ ಅಂತ ಇಸ್ತ್ರಿಯವನ್ನ ಕೇಳತೀವೇನು?

ಪುಣ್ಯಾಕ್ಕ ಕ್ಯಾಸೆಟ್ ಹೊಳ್ಳಿ ಕೊಟ್ಟಿದ್ರು. ಅವತ್ತ ಹಟ ಹಿಡದೆ. ಕ್ಯಾಮೆರಾದಿಂದ ಕಂಪ್ಯೂಟರಿಗೆ ನಾನ ಇಳಸ್ತೀನಿ ಅಂದೆ. ಮನ್ಯಾಗ ಎಲ್ಲಾರೂ ನಕ್ರು. ನಾ ಪಿಯುಸಿ ಆರ್ಟ್ಸ್ ಓದಿದಾಕಿ, ಮೊಬೈಲಿನ್ಯಾಗ ಫೋಟೋ ಕಳಸಾಕ ಮೊಮ್ಮಗನ ಕಡೆ ಕಲತಾಕಿ. ಇಳಸಾಕ ಮೂರು ತಿಂಗಳಾತು, ಆದ್ರ 14ನೂ ಇಳಿಸಿದೆ. ಅದಕ್ಕ ಈಗ ನಿಮಗೂ ಹೇಳೋ ಹಕ್ಕು ಬಂದದ ಅನಕೋತೀನಿ.

ಮೊದಲನೇ ಮಾತು, "ತಿಜೂರ್ಯಾಗ ಭದ್ರ ಅವ" ಅನ್ನೋದು. ಸುಳ್ಳ. ಆ ಕ್ಯಾಸೆಟ್ಟಿನೊಳಗಿನ ಪಟ್ಟಿ ಅಗಲ ಬರೇ 6 ಮಿಲಿಮೀಟರ್ ಚಿಲ್ಲರೆ, ನಮ್ಮ ಪರಕಾರದ ದಾರದಷ್ಟ ಅನ್ನರಿ. ಅದರ ಮ್ಯಾಲೆ ಲೋಹದ್ದು ಒಂದು ತೆಳ್ಳನ ಲೇಪ, ಅದರಾಗ ಚಿತ್ರ ಅಂಕಿಯಾಗಿ ಕೂತಿರ್ತದ. ಅದನ್ನ ಓದೋ ಹೆಡ್ಡು ಕ್ಯಾಮೆರಾದೊಳಗ ಒಂದು ನಿಮಿಷಕ್ಕ 9000 ಸುತ್ತು ತಿರಗ್ತದ. ನಮ್ಮ ಧಾರವಾಡದ ಮಳಿ ನಿಮಗ ಗೊತ್ತದ. ಶ್ರಾವಣದಾಗ ತಿಜೂರ್ಯಾಗಿನ ಚಪ್ಪಲಿಗೆ ಬೂಷ್ಟ ಹಿಡೀತದ, ಪಟ್ಟಿಗೆ ಹಿಡಿಯೂದಿಲ್ಲೇನು? ನನ್ನ 14ರೊಳಗ ಎರಡಕ್ಕ ಅಂಚಿನ್ಯಾಗ ಬೆಳ್ಳಗ ಬಂದಿತ್ತು. ಮತ್ತ ಪಟ್ಟಿ ಛಲೋ ಉಳಿದ್ರೂ ಕ್ಯಾಮೆರಾ ಉಳೀಬೇಕಲ್ಲ? ಹೊಸಾ ಮಿನಿ ಡಿವಿ ಕ್ಯಾಮೆರಾ ಈಗ ಯಾರೂ ಮಾಡಂಗಿಲ್ಲ. ರಬ್ಬರ್ ಗಾಲಿ ಸವೀತು, ಮೋಟಾರು ಜಾಮ್ ಆತು ಅಂದ್ರ ರಿಪೇರಿ ಮಾಡೋವ ಸಿಗೋದು ಕಷ್ಟ. ಕ್ಯಾಸೆಟ್ ಇದ್ದು ಕ್ಯಾಮೆರಾ ಇಲ್ಲಂದ್ರ, ಕೀಲಿ ಕಳಕೊಂಡ ಟ್ರಂಕು ಮನ್ಯಾಗ ಇಟ್ಟಂಗ.

ಇದರ ಜೋಡಿ ಇನ್ನೊಂದು ಗುಟ್ಟು. ನಮ್ಮನಿಯವರು ಉಳಿತಾಯ ಅಂತ ಹೇಳಿ ಕ್ಯಾಮೆರಾದಾಗ ಎಲ್‌ಪಿ ಅನ್ನೋದು ಹಾಕಿರ್ತಿದ್ರು. 60 ನಿಮಿಷದ ಕ್ಯಾಸೆಟ್ಟಿನ್ಯಾಗ 90 ನಿಮಿಷ ಹಿಡೀತದ. ಆದ್ರ ಎಲ್‌ಪಿಯಾಗ ಗೆರಿ ಒತ್ತೊತ್ತಾಗಿ ಬಿದ್ದಿರ್ತಾವ. ಹಿಡದ ಕ್ಯಾಮೆರಾದಾಗ ಬರೋಬರಿ ಬರ್ತದ, ಬ್ಯಾರೆ ಕ್ಯಾಮೆರಾದಾಗ ಹಾಕಿದ್ರ ಚೌಕ ಚೌಕ ಒಡದು ಕಾಣಬಹುದು, ದನಿ ಕತ್ತರಿಸಬಹುದು. ಅಂದ ಮ್ಯಾಲೆ ಆ ಕ್ಯಾಸೆಟ್ ಓದಾಕ ಎಲ್ಲಾದಕಿಂತ ಛಲೋ ಯಂತ್ರ ನಿಮ್ಮ ಮನ್ಯಾಗಿನ ಅದೇ ಹಳೇ ಕ್ಯಾಮೆರಾ, ಅಂಗಡಿಯವರದಲ್ಲ.

ಎರಡನೇ ಮಾತು, "ಅದಕ್ಕೇನು ದೊಡ್ಡದು, ಯುಎಸ್‌ಬಿ ವಾಯರ್ ಹಚ್ಚಿದ್ರ ಆತು" ಅನ್ನೋದು. ಇದನ್ನ ನನ್ನ ಮಗಾನೇ ಪುಣೆಯಿಂದ ಫೋನಿನ್ಯಾಗ ಹೇಳಿದ. ಹಚ್ಚಿ ನೋಡಿದೆ. ಮೆಮೊರಿ ಕಾರ್ಡಿನ್ಯಾಗಿದ್ದ ನಾಕು ಫೋಟೋ ಬಂದ್ವು, ಮುಗೀತು. ಭಾಳಷ್ಟು ಮಿನಿ ಡಿವಿ ಕ್ಯಾಮೆರಾದಾಗ ಯುಎಸ್‌ಬಿ ಇರೋದು ಫೋಟೋಕ್ಕ, ಇಲ್ಲಾ ಮಸುಕು ಮಸುಕಾದ ಸಣ್ಣ ವಿಡಿಯೋಕ್ಕ. ಪಟ್ಟಿ ಮ್ಯಾಲಿಂದು ಇದ್ದದ್ದು ಇದ್ದಂಗ ಬರಬೇಕಂದ್ರ ಬ್ಯಾರೆ ತೂತದ. ಕ್ಯಾಮೆರಾದ ಮುಚ್ಚಳಾ ತಗದು ನೋಡ್ರಿ, ಡಿವಿ ಅಂತ ಬರದಿರ್ತದ, ಸೋನಿಯಾಗ ಐ-ಲಿಂಕ್ ಅಂತ ಬರದಿರ್ತದ, ಕಂಪ್ಯೂಟರಿನವರು ಫೈರ್‌ವೈರ್ ಅಂತಾರ, ಕಾಗದದ ಮ್ಯಾಲೆ 1394 ಅಂತಾರ. ಹೆಸರು ನಾಕು, ವಸ್ತು ಒಂದ.

ಇನ್ನೂ ಕೆಲವರು ಟಿವಿಗೆ ಹಚ್ಚಿ ಅದನ್ನ ಮೊಬೈಲಿನ್ಯಾಗ ಹಿಡೀರಿ ಅಂತಾರ. ಹಂಗ ಮಾಡಿದ್ರ ಅತ್ತಿಯವರ ಮಾರಿ ಮ್ಯಾಲೆ ನಮ್ಮ ಟ್ಯೂಬ್‌ಲೈಟ್ ಕಾಣ್ತದ. ಹಳದಿ, ಕೆಂಪು, ಬಿಳಿ ಪಿನ್ನಿನ ವಾಯರಿನಿಂದ ಇಳಸೋದೂ ಅಷ್ಟಕ್ಕಷ್ಟ. ಪಟ್ಟಿ ಮ್ಯಾಲಿನ ಅಂಕಿ ಒಡದು ಚಿತ್ರ ಆಗಿ ಹೊರಗ ಬಂದು, ಹೊಳ್ಳಿ ಅಂಕಿ ಆಗಿ ಒಳಗ ಹೋಗ್ತದ, ದಾರ್ಯಾಗ ಸ್ವಲ್ಪ ಸ್ವಲ್ಪ ಚೆಲ್ಲತದ. ಫೈರ್‌ವೈರಿನ್ಯಾಗ ಅಂಕಿ ಅಂಕಿಯಾಗಿನ ಬರ್ತದ. ಈ ಡಬ್ಬ್ಯಾಗಿನ ಹಿಟ್ಟು ಆ ಡಬ್ಬಿಗೆ ಸುರುವಿದಂಗ, ಜರಡಿ ಹಿಡಿಯೋದಿಲ್ಲ. ಸ್ಟುಡಿಯೋದವರು ಕೊಟ್ಟ ಡಿವಿಡಿ ಏನು ಮಾಡಿತ್ತು ಕೇಳ್ರಿ. ಒಂದು ತಾಸಿನ ಪಟ್ಟಿ ಕಂಪ್ಯೂಟರಿನ್ಯಾಗ ಇಳಿದ್ರ ಹೆಚ್ಚುಕಡಿಮಿ 13 ಜಿಬಿ ಆಗ್ತದ. ಡಿವಿಡಿಯೊಳಗ ಹಿಡಿಯೋದು 4.7 ಜಿಬಿ. ಒತ್ತಿ ಒತ್ತಿ ತುಂಬಬೇಕಾಗ್ತದ. ಮ್ಯಾಲೆ ನಮ್ಮ ಕ್ಯಾಮೆರಾ ಅಮೆರಿಕಾದ್ದು, ಅದು ಸೆಕೆಂಡಿಗೆ ಹತ್ರ ಹತ್ರ 30 ಚಿತ್ರ ಹಿಡೀತದ, ನಮ್ಮ ಕಡೆ ಟಿವಿ ಪದ್ಧತಿ 25. ಅದನ್ನ ಇದಕ್ಕ ಜಬರದಸ್ತಿ ಹೊಂದಿಸಿದ್ರು, ಅದಕ್ಕ ರೊಟ್ಟಿ ಬಡಿಯೋ ಕೈ ಎಳದೆಳದು ಹೋಗ್ತಿತ್ತು. ಮನಿ ಕಂಪ್ಯೂಟರಿಗೆ 30ನೂ ಒಂದ, 25ನೂ ಒಂದ, ಏನೂ ತಕರಾರಿಲ್ಲ.

ಮೂರನೇ ಮಾತು, "ಇದು ಹುಡುಗೂರ ಕೆಲಸ, ಮಗ ದೀಪಾವಳಿಗೆ ಬಂದಾಗ ಮಾಡ್ತಾನ" ಅನ್ನೋದು. ಆರು ದೀಪಾವಳಿ ನಾನೂ ಇದ ಅಂದೆ. ಅವ ಬಂದ್ರ ಮೂರು ದಿವಸ ಇರ್ತಾನ, ಅದರಾಗ ಒಂದು ದಿನ ಗೆಳ್ಯಾರು, ಒಂದು ದಿನ ಹೆಂಡತಿ ತವರಮನಿ. 14 ಕ್ಯಾಸೆಟ್ ಇಳಸಾಕ ಅಷ್ಟ ತಾಸು ಬೇಕು. ಪಟ್ಟಿ ಓಡೋ ವ್ಯಾಳ್ಯಾದಾಗನ ಅದು ಇಳೀತದ, ಒಂದು ತಾಸಿನ ಕ್ಯಾಸೆಟ್ಟಿಗೆ ಒಂದು ತಾಸು, ಲಗೂನ ಓಡಸಾಕ ಬರಂಗಿಲ್ಲ. ಇಷ್ಟು ಪುರಸೊತ್ತು ಯಾರಿಗದ ಹೇಳ್ರಿ? ಹಾಲಿಗೆ ಹೆಪ್ಪು ಹಾಕಿ ಕಾಯೋರಿಗದ, ಹಪ್ಪಳ ಬಿಸಲಿಗೆ ಹಾಕಿ ಕಾಗಿ ಕಾಯೋರಿಗದ. ಈ ಕೆಲಸಕ್ಕ ಬೇಕಾದ್ದು ಇಂಜಿನಿಯರಿಂಗ್ ಅಲ್ಲ, ತಾಳ್ಮಿ. ನಮಗ ಅದನ್ನ ಯಾರೂ ಹೊಸದಾಗಿ ಕಲಸಬೇಕಾಗಿಲ್ಲ.

ಈಗ ನಾ ಮಾಡಿದ್ದು ಹೇಳ್ತೀನಿ, ಬೇಕಾದೋರು ಬರಕೋರಿ.

ಮೊದಲು ಕಂಪ್ಯೂಟರ್. ಹೊಸಾ ಲ್ಯಾಪ್‌ಟಾಪಿನ್ಯಾಗ ಆ ತೂತು ಇರಂಗಿಲ್ಲ. ನಮ್ಮ ಮನ್ಯಾಗ ಅಟ್ಟದ ಮ್ಯಾಲೆ ಹಾಕಿದ್ದ ಹಳೇ ಡೆಸ್ಕ್‌ಟಾಪ್ ಇಳಿಸಿದೆ, ವಿಂಡೋಸ್ 7ರದ್ದು. ಕಂಪ್ಯೂಟರ್ ರಿಪೇರಿ ಮಾಡೋ ಹುಡುಗಗ ಹೇಳಿ ಅದಕ್ಕ ಒಂದು ಫೈರ್‌ವೈರ್ ಕಾರ್ಡ್ ಹಾಕಿಸಿದೆ. ಕಾರ್ಡು, ವಾಯರು ಕೂಡಿ ಸ್ಟುಡಿಯೋಕ್ಕ ಕೊಟ್ಟಿದ್ದಕ್ಕಿಂತ ಕಡಿಮಿ ರೊಕ್ಕಕ್ಕ ಬಂದ್ವು. ಆದ್ರ ಒಂದು ಮೋಸ ತಿಳಕೋರಿ. ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ಫೈರ್‌ವೈರ್ ಮೂತಿ ಇರೋ ಅಗ್ಗದ ಅಡಾಪ್ಟರ್ ಮಾರ್ತಾರ. ನಾನೂ ಒಂದು ತರಿಸಿದೆ. ಮೂತಿ ಕೂಡ್ತದ, ಕೆಲಸ ಆಗಂಗಿಲ್ಲ. ಎರಡೂ ಮಾತಾಡೋ ಭಾಷಾನೇ ಬ್ಯಾರೆ, ಬರೇ ಮೂತಿ ಬದಲಿ ಮಾಡಿದ್ರ ತಿಳಿಯೋದಿಲ್ಲ.

ವಾಯರಿಗೆ ಎರಡು ಮೂತಿ. ಕ್ಯಾಮೆರಾ ಕಡೆ ಸಣ್ಣದು, ನಾಕು ಪಿನ್ನಿಂದು. ಕಂಪ್ಯೂಟರ್ ಕಡೆ ಸಾಮಾನ್ಯ ಆರು ಪಿನ್ನಿಂದು, ಅದರಾಗ ಕರೆಂಟ್ ಇರ್ತದ. ಎರಡೂ ಬಂದ್ ಇದ್ದಾಗ ವಾಯರ್ ಹಚ್ಚರಿ. ದೊಡ್ಡ ಮೂತಿ ಉಲ್ಟಾ ಒತ್ತಿ ತುರಕಬ್ಯಾಡ್ರಿ, ಕ್ಯಾಮೆರಾದ ತೂತು ಸುಟ್ಟು ಹೋಗೋ ಭಯ ಅದ. ಕ್ಯಾಮೆರಾಕ್ಕ ಬ್ಯಾಟರಿ ನಂಬಬ್ಯಾಡ್ರಿ, ಗೋಡಿ ಪ್ಲಗ್ಗಿಗೆ ಹಚ್ಚರಿ. ಅಮೆರಿಕಾದ ಕ್ಯಾಮೆರಾದ ಅಡಾಪ್ಟರಿನ ಮ್ಯಾಲೆ 100ರಿಂದ 240 ಅಂತ ಬರದಿದ್ರ ನಮ್ಮ ಕರೆಂಟಿಗೆ ನಡೀತದ, ಬರೇ ಪಿನ್ ಬದಲಿ ಬೇಕು.

ಮೊದಲನೇ ದಿನ ಎಲ್ಲಾ ಹಚ್ಚಿದೆ, ಕಂಪ್ಯೂಟರಿಗೆ ಕ್ಯಾಮೆರಾ ಕಾಣಸವಲ್ತು. ಎರಡು ತಾಸು ತಲಿ ಕೆಟ್ಟು, ರಿಪೇರಿ ಹುಡುಗಗ ಫೋನ್ ಹಚ್ಚಿದೆ. ಅವ ಒಂದ ಮಾತು ಕೇಳಿದ, "ಮೌಶಿ, ಗುಂಡಿ ಎಲ್ಲದ?" ಕ್ಯಾಮೆರಾ ಹಿಡಿಯೋ ಕಡೆ ಇತ್ತು. ಅದನ್ನ ತೋರಸೋ ಕಡೆ, ವಿಸಿಆರ್ ಅಂತಲೋ ಪ್ಲೇ ಅಂತಲೋ ಇರ್ತದ, ಅಲ್ಲಿಗೆ ತಿರವಿದ ಕೂಡ್ಲೆ ಕಂಪ್ಯೂಟರ್ ಟಿಂಗ್ ಅಂತು. ಎರಡು ತಾಸಿನ ಕಣ್ಣೀರು, ಒಂದು ಗುಂಡಿ.

ಕ್ಯಾಸೆಟ್ ಒಳಗ ಹಾಕೋ ಮುಂದ ಅದರ ಬೆನ್ನಿಗಿರೋ ಸಣ್ಣ ಗುಂಡಿ ಸರಿಸಿ ಸೇವ್ ಕಡೆ ಮಾಡ್ರಿ. ಇದನ್ನ ಮರೀಬ್ಯಾಡ್ರಿ. ಇದರ ಕಥಿ ಮುಂದ ಹೇಳ್ತೀನಿ. ಆಮ್ಯಾಲೆ ಒಂದು ಸಲ ಕಡೀತನಕಾ ಓಡಿಸಿ, ಹೊಳ್ಳಿ ಸುತ್ತಿ ಮೊದಲಿಗೆ ತರ್ರಿ, ವರ್ಷಗಟ್ಟಲೆ ಅಂಟಿಕೊಂಡ ಪಟ್ಟಿ ಸಡಿಲಾಗ್ತದ. ಚಿತ್ರ ಚೌಕ ಚೌಕ ಬಂದ್ರ ಹೆಡ್ಡಿಗೆ ಹೊಲಸು ಕೂತದ, ಕ್ಲೀನಿಂಗ್ ಕ್ಯಾಸೆಟ್ ಅಂತ ಬರ್ತದ, ಹತ್ತು ಸೆಕೆಂಡು ಓಡಸ್ರಿ ಸಾಕು, ಹೆಚ್ಚು ತಿಕ್ಕಿದ್ರ ಹೆಡ್ಡು ಸವೀತದ. ಬೂಷ್ಟ ಬಂದ ಕ್ಯಾಸೆಟ್ ಮಾತ್ರ ಹಂಗ ಹಾಕಬ್ಯಾಡ್ರಿ, ಅದರ ಬೂಷ್ಟ ಕ್ಯಾಮೆರಾಕ್ಕ ಹತ್ತಿ, ಅಲ್ಲಿಂದ ಉಳಿದವಕ್ಕೆಲ್ಲಾ ಹತ್ತತದ. ನಾ ಅವೆರಡನ್ನ ಕಡೀಕಿಟ್ಟು, ತಿಳದವರ ಕಡೆ ಒರಸಿಸಿ ಆಮ್ಯಾಲೆ ಹಾಕಿದೆ.

ಇಳಸಾಕ ನಾ ಬಳಸಿದ್ದು ವಿನ್‌ಡಿವಿ ಅನ್ನೋ ಪುಕ್ಕಟ ಸಾಫ್ಟ್‌ವೇರ್. ಹಳೇ ವಿಂಡೋಸಿನ ಮೂವಿ ಮೇಕರಿನ್ಯಾಗೂ ಬರ್ತದ, ಆದ್ರ ಅದನ್ನ ಕೊಡೋದು 2017ರಾಗ ಬಂದ್ ಮಾಡ್ಯಾರ. ಪಟ್ಟಿ ಓಡೋ ಮುಂದ ಕಂಪ್ಯೂಟರಿನ್ಯಾಗ ಬ್ಯಾರೆ ಏನೂ ಮಾಡಬ್ಯಾಡ್ರಿ, ನಡುವ ಚಿತ್ರ ಬಿಟ್ಟುಹೋಗ್ತಾವ. ಹಚ್ಚಿಟ್ಟು ರೊಟ್ಟಿ ಮಾಡಾಕ ಹೋಗ್ರಿ. ಇಳದದ್ದನ್ನ ಹಾರ್ಡ್ ಡಿಸ್ಕಿನ್ಯಾಗ ಇಡ್ರಿ. ನನ್ನವು 14 ಕೂಡಿ ಹತ್ರ ಹತ್ರ 200 ಜಿಬಿ ಆದ್ವು, 500 ಜಿಬಿದು ಸಾಕು. ದೊಡ್ಡ ಫೈಲ್ ಪೆನ್‌ಡ್ರೈವ್ ತಗೋವಲ್ದು ಅಂದ್ರ ಪೆನ್‌ಡ್ರೈವ್ ಕೆಟ್ಟದ ಅನಬ್ಯಾಡ್ರಿ. ಅದು ಫ್ಯಾಟ್-32 ಅನ್ನೋ ಪದ್ಧತೀದಾಗಿದ್ರ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯಂಗಿಲ್ಲ. ಖಾಲಿ ಮಾಡಿ ಎನ್‌ಟಿಎಫ್‌ಎಸ್ ಮಾಡಿಸ್ರಿ. ಎರಡು ಪ್ರತಿ ಮಾಡಿ, ಒಂದು ನಿಮ್ಮ ಮನ್ಯಾಗ, ಇನ್ನೊಂದು ನಾದಿನಿ ಮನ್ಯಾಗೋ ತಂಗಿ ಮನ್ಯಾಗೋ ಇಡ್ರಿ.

ಇನ್ನ ಎಡಿಟಿಂಗ್. ನನ್ನ ಮಾತು ಇಲ್ಲಿ ಭಾಳ ಕಟ್ಟುನಿಟ್ಟು. ಮೊದಲು ಪೂರ್ತಿ ಇಳಸ್ರಿ, ಅದನ್ನ ಮುಟ್ಟಬ್ಯಾಡ್ರಿ. ಕತ್ರಿ ಆಡಸೋದು ಅದರ ನಕಲಿನ ಮ್ಯಾಲೆ. ನಾ ಶಾಟ್‌ಕಟ್ ಅನ್ನೋದರಾಗ ಕಲತೆ, ಅದೂ ಪುಕ್ಕಟ. ಅತ್ತಿಯವರದು 40 ನಿಮಿಷ ಇತ್ತು. ಅದರಾಗ ನಾ ಕ್ಯಾಮೆರಾ ಬಂದ್ ಮಾಡೋದು ಮರತು ನೆಲಾ ಹಿಡಕೊಂಡು ಓಡಾಡಿದ್ದು ಒಂದು ಭಾಗ, ಫ್ರಿಜ್ ಹಿಡದಿದ್ದು ಒಂದು ಭಾಗ. ಅದನ್ನಷ್ಟು ತಗದು 11 ನಿಮಿಷದ್ದು ಮಾಡಿ ಎಲ್ಲಾರಿಗೂ ಕಳಿಸಿದೆ. ಹಾಡು ಹಾಕಲಿಲ್ಲ, ಹೂವು ಅರಳಸಲಿಲ್ಲ. ಕುಕ್ಕರಿನ ಸೀಟಿ ಹಂಗ ಅದ. ಫ್ರಿಜ್ಜಿನ ಭಾಗ ಸುದ್ದಾ ಅಸಲಿನ್ಯಾಗ ಹಂಗ ಉಳದದ. ಇನ್ನಿಪ್ಪತ್ತು ವರ್ಷಕ್ಕ ನಮ್ಮ ಮೊಮ್ಮಕ್ಕಳಿಗೆ ಅತ್ತಿಯವರಕಿಂತ ಆ ಫ್ರಿಜ್ಜೇ ಮಜಾ ಅನಸಬಹುದು, ನನಗೇನು ಗೊತ್ತು? ಅದಕ್ಕ ಅಸಲು ಕತ್ತರಸಬಾರದು ಅನ್ನೋದು.

ಫೈರ್‌ವೈರಿನಿಂದ ಇಳಿಸಿದ್ದಕ್ಕ ಇನ್ನೊಂದು ಬಂತು, ಡಿವಿಡಿಯಾಗ ಇರದ್ದು. ಕ್ಯಾಮೆರಾ ಪ್ರತಿಯೊಂದು ಚಿತ್ರದ ಜೋಡಿ ತಾರೀಕು, ವ್ಯಾಳ್ಯಾ ಗುಪ್ತವಾಗಿ ಬರದಿಟ್ಟಿರ್ತದ. ಅದೂ ಇಳೀತು. 2004ರ ಡಿಸೆಂಬರ್ 18, ರಾತ್ರಿ 10 ಗಂಟೆ 40 ನಿಮಿಷ ಅಂತ ಇತ್ತು. ರಾತ್ರಿ? ಕಿಡಕ್ಯಾಗ ಎಳೇ ಬಿಸಲು ಬಿದ್ದದ! ಆಮ್ಯಾಲೆ ಹೊಳೀತು, ಮೈದುನ ಗಡಿಯಾರ ನ್ಯೂಜೆರ್ಸಿದು ಇಟ್ಟಿದ್ದ, ನಾವು ಬದಲಿ ಮಾಡೇ ಇಲ್ಲ. ಚಳಿಗಾಲದಾಗ ಅವರದು ನಮಗಿಂತ ಹತ್ತೂವರೆ ತಾಸು ಹಿಂದ. ಅಂದ್ರ ನಮ್ಮ ಕಡೆ 19, ಮುಂಜಾನೆ 9 ಹೊಡದು 10 ನಿಮಿಷ. ಹಳೇ ಕ್ಯಾಲೆಂಡರ್ ನೋಡಿದ್ರ ರವಿವಾರ. ರವಿವಾರದ ಮುಂಜಾನೆ ಅತ್ತಿಯವರ ಸಜ್ಜಿ ರೊಟ್ಟಿ, ಹೌದು, ಹಂಗ ಇತ್ತು ನಮ್ಮ ಮನ್ಯಾಗ. ಮರತೇ ಬಿಟ್ಟಿದ್ದೆ.

ನಿಮ್ಮ ಕಡೆ ಒಂದು ಮಾತು ಉಳದದ, ಅದನ್ನೂ ಕೇಳೇನಿ. "ಹಳೇದು ಯಾರು ನೋಡ್ತಾರ? ಮೊಬೈಲಿನ್ಯಾಗ ದಿನಾ ನೂರು ವಿಡಿಯೋ ಬರ್ತಾವ." ಖರೆ ಅದ. ನಂದೂ 14ರೊಳಗ ಆರು ಯಾರೂ ನೋಡಂಗಿಲ್ಲ, ನಾನೂ ನೋಡಂಗಿಲ್ಲ. ಯಾರದೋ ಲಗ್ನದ ಊಟದ ಪಂಗತಿ, ಎಲಿ ಮ್ಯಾಲೆ ಎಲಿ. ಆದ್ರ ಯಾವ ಆರು ಬ್ಯಾಡ ಅನ್ನೋದು ಇಳಿಸಿ ನೋಡಿದ ಮ್ಯಾಲೆ ಗೊತ್ತಾತು, ತಿಜೂರ್ಯಾಗ ಇದ್ದಾಗ ಗೊತ್ತಿರಲಿಲ್ಲ. ಚೀಟಿ ಮ್ಯಾಲೆ "ಗೋಕಾಕ ಟ್ರಿಪ್" ಅಂತ ಬರದದ್ದರ ಕಡೀಕ ನಮ್ಮಪ್ಪ ಮೂರು ನಿಮಿಷ ನನ್ನ ಮಗಗ ಇಂಗ್ಲಿಷ್ ಪಾಠ ಹೇಳ್ತಾರ. ಅದು ಇದ್ದದ್ದ ಯಾರಿಗೂ ನೆನಪಿರಲಿಲ್ಲ.

ಸ್ಟುಡಿಯೋಕ್ಕ ಕೊಡಲೇಬಾರದೇನು ಅಂದ್ರ, ಕ್ಯಾಮೆರಾ ಕೆಟ್ಟೇ ಹೋಗಿದ್ರ ಕೊಡಬೇಕಾಗ್ತದ, ಇಲ್ಲ ಅನಂಗಿಲ್ಲ. ಕೊಡೋ ಮುಂದ ಮೂರು ಮಾತು ಹೇಳಿ ಕೊಡ್ರಿ. ಫೈರ್‌ವೈರಿನಿಂದ ಇಳಸ್ರಿ, ಡಿವಿಡಿ ಬ್ಯಾಡ, ಪೂರ್ತಿ ಫೈಲ್ ಹಾರ್ಡ್ ಡಿಸ್ಕಿಗೆ ಹಾಕಿಕೊಡ್ರಿ. ಒಂದು ನಿಮಿಷಾನೂ ಕತ್ತರಸಬ್ಯಾಡ್ರಿ, ದನಿ ಮುಟ್ಟಬ್ಯಾಡ್ರಿ. ಕ್ಯಾಸೆಟ್ ಹೊಳ್ಳಿ ಕೊಡ್ರಿ. ಮೂರಕ್ಕೂ ಹೂಂ ಅಂದ್ರ ಕೊಡ್ರಿ. ಅವರಿಗೂ ಕೆಲಸ ಹಗರ ಆಗ್ತದ.

ಈಗ ಆ ಸೇವ್ ಗುಂಡಿ ಕಥಿ. ಇದನ್ನ ಹೇಳದ ಬರೇ ಸ್ಟುಡಿಯೋದವರನ್ನ ಬೈದ್ರ ನ್ಯಾಯ ಆಗಂಗಿಲ್ಲ. 2006ರಾಗ ಬಾಜೂಮನಿ ವಾಸ್ತುಶಾಂತಿ ಹಿಡಿಯಾಕ ಕರದ್ರು. ಹೊಸಾ ಕ್ಯಾಸೆಟ್ ಇರಲಿಲ್ಲ. ಡಬ್ಬ್ಯಾಗಿಂದು ಒಂದು ತಗೊಂಡು, ಇದು ಖಾಲಿ ಇರಬೇಕು ಅಂತ ಹಾಕಿದೆ. ಗುಂಡಿ ಸರಿಸಿರಲಿಲ್ಲ. ಈಗ ಇಳಿಸಿ ನೋಡಿದ್ರ, ಹೋಮದ ಹೊಗಿ 50 ನಿಮಿಷ ಅದ, ಅದು ಮುಗದ ಕೂಡ್ಲೆ ನನ್ನ ಮಗಳ ತೊಟ್ಟಲ ದಿನದ ಕಡೇ ನಾಕು ನಿಮಿಷ. ಎಲ್ಲಾ ಹೆಣ್ಣಮಕ್ಕಳು ಎದ್ದು ಹೊಂಟಾರ, ಅತ್ತಿಯವರು ಕೈಯಾಗ ಹರಿವಾಣ ಹಿಡದು, "ಗುಗ್ಗರಿ ತಗೊಂಡು ಹೋಗ್ರೇ" ಅಂತಾರ. ಅದಕ್ಕ ಮುಂಚಿನ ಹಾಡು, ಹೆಸರಿಡೋದು, ಎಲ್ಲಾ ಹೊಗಿ ಕೆಳಗ ಹೋತು. ಯಾವ ವಾಯರ್ ಹಚ್ಚಿದ್ರೂ ಅದು ಬರಂಗಿಲ್ಲ. ಸ್ಟುಡಿಯೋದವರು ದನಿ ತಗದದ್ದು ಡಿವಿಡಿಯಾಗಿಂದು, ಕ್ಯಾಸೆಟ್ಟಿನ್ಯಾಗ ಉಳದಿತ್ತು. ನಾ ಅಳಿಸಿದ್ದು ಕ್ಯಾಸೆಟ್ಟಿನ್ಯಾಗಿಂದ. ಮಗಳಿಗೆ ಇನ್ನೂ ಹೇಳಿಲ್ಲ. ಇದನ್ನ ಓದಿ ತಿಳಕೋತಾಳ.

ಅದಕ್ಕ ಹೇಳೋದು, ಮುಂದಿನ ವರ್ಷ ಅನಬ್ಯಾಡ್ರಿ. 2025ರಾಗ ಬಂದ ಆ್ಯಪಲ್ ಕಂಪ್ಯೂಟರಿನ ಹೊಸಾ ಆವೃತ್ತಿಯೊಳಗ ಫೈರ್‌ವೈರ್ ತಗದ ಬಿಟ್ಟಾರ, ಅದನ್ನ ಮೊದಲು ತಂದವರೇ ಅವರು. ಬಾಗಲಾ ಒಂದೊಂದ ಮುಚ್ಚಾಕಹತ್ಯಾವ. ಹಳೇ ಡೆಸ್ಕ್‌ಟಾಪ್ ಗುಜರಿಗೆ ಹಾಕೋ ವಿಚಾರ ಇದ್ರ ಒಂದು ತಿಂಗಳು ತಡೀರಿ. ನಮ್ಮ ಓಣ್ಯಾಗಿನವರು ಯಾರಿಗೆ ಬೇಕೋ ಬರ್ರಿ, ನನ್ನ ಕಾರ್ಡು, ವಾಯರು, ಕಂಪ್ಯೂಟರು ಮೂರೂ ಹಂಗ ಹಚ್ಚಿಟ್ಟೇನಿ. ಕ್ಯಾಮೆರಾ, ಅದರ ಅಡಾಪ್ಟರ್ ನಿಮ್ಮದು ತರ್ರಿ, ಎಲ್‌ಪಿ ಕಥಿ ನೆನಪದ ಅಲ್ಲ? ಚಹಾ ನಂದು.

ನಾದಿನಿಗೆ ಆ 11 ನಿಮಿಷದ್ದು ಕಳಿಸಿದ ದಿನ ರಾತ್ರಿ ಫೋನ್ ಬಂತು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮ್ಯಾಲೆ ನಕ್ಕೋತ, "ವೈನಿ, ಅವ್ವ ನಿನಗ ಬೈಯಾಕಹತ್ತಿದ್ದಳಲ್ಲ!" ಅಂದ್ಲು. ಹೌದು, ಶ್ರಾದ್ಧದ ದಿನ ಬರೇ ಬಾಯಿ ಅಳ್ಳಾಡಿದ್ದು ಅದ. "ಆ ಡಬ್ಬಿ ಬಾಜೂಕ ಇಡು, ಬಂದು ರೊಟ್ಟಿ ತಿರವು, ಹೊತ್ತಾಕಹತ್ತದ" ಅಂತಾರ ಅತ್ತಿಯವರು. ರೊಟ್ಟಿ ಹೊತ್ತಿದ್ದೂ ಕಾಣ್ತದ. ನಾ ಡಬ್ಬಿ ಇಟ್ಟಿಲ್ಲ.